ಇನ್ನೊಂದು ದೋಣಿಯ ಪಾಲುಗಾರರು

(ದೇವರೊಂದಿಗಿನ ಅನ್ಯೋನ್ಯತೆ ಎಂಬ ವಿಷಯವಾಗಿ ಒಂದು ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಪ್ರಿಯ ಸಹೋದರ ಸಹೋದರಿಯರೇ,

ಗಂಡ ಹೆಂಡತಿ ಹೊಂದಿಕೊಂಡು ಬಾಳುತ್ತಿದ್ದರೆ ‘ತುಂಬಾ ಅನ್ಯೋನ್ಯವಾಗಿದ್ದಾರೆ’ ಎನ್ನುತ್ತೇವೆ. ಅದೇ ಮಾತನ್ನು ಕನ್ನಡ ಸತ್ಯವೇದವು ದೇವರಿಗೂ ಮನುಷ್ಯನಿಗೂ ಇರುವ ಸಂಬಂಧಕ್ಕೆ ಬಳಸಿದೆ. ಯೋಹಾನನು ಬರೆದ ಮೊದಲನೆಯ ಪತ್ರಿಕೆಯ ಆರಂಭದಲ್ಲೇ ಅದು ಬರುತ್ತದೆ: ನಮಗಿರುವ ಅನ್ಯೋನ್ಯತೆಯು ತಂದೆಯ ಸಂಗಡಲೂ ಆತನ ಮಗನಾದ ಯೇಸು ಕ್ರಿಸ್ತನ ಸಂಗಡಲೂ ಇರುವಂಥದು. ಬಾಲ್ಯದಿಂದ ಕೇಳಿದ ವಾಕ್ಯ ಇದು. ಆದರೂ ಆ ಪದವನ್ನು ಬಿಡಿಸಿ ನೋಡುವುದಕ್ಕೆ ನನಗೆ ಅರ್ಧ ಆಯುಷ್ಯ ಬೇಕಾಯಿತು. ಅನ್ಯ, ಮತ್ತೆ ಅನ್ಯ. ಆಪ್ತತೆಯನ್ನು ಹೇಳುವ ಪದದೊಳಗೆ ‘ಬೇರೆ’ ಎಂಬ ಮಾತು ಎರಡು ಸಲ ಕೂತಿದೆ. ಬೇರೆಯಾದ ಇಬ್ಬರು ಬೇರೆಯಾಗಿಯೇ ಉಳಿದು, ಒಬ್ಬರದು ಮತ್ತೊಬ್ಬರದಾಗುವ ಬಾಳು ಅದು.

ಕ್ರೈಸ್ತ ನಂಬಿಕೆ ಹೇಳುವುದು ಇದನ್ನೇ ಎಂದು ನನಗೆ ತೋರುತ್ತದೆ. ಮನುಷ್ಯನು ದೇವರಲ್ಲಿ ಕರಗಿ ಇಲ್ಲವಾಗುವುದಿಲ್ಲ. ದೇವರೂ ನಮ್ಮ ಮನಸ್ಸಿನ ಒಂದು ಭಾವವಾಗಿ ಕುಗ್ಗಿಹೋಗುವುದಿಲ್ಲ. ಸೃಷ್ಟಿಸಿದವನು ಸೃಷ್ಟಿಕರ್ತನೇ, ಸೃಷ್ಟಿಯಾದವನು ಸೃಷ್ಟಿಯೇ. ಆದರೂ ಅವರಿಬ್ಬರ ನಡುವೆ ಹಂಚಿಕೊಳ್ಳುವಿಕೆ ಇದೆ. ಈ ಸಂಜೆ ನಾನು ಮಾತನಾಡಬೇಕೆಂದಿರುವುದು ಆ ಹಂಚಿಕೆಯ ಬಗ್ಗೆ. ಅನ್ಯೋನ್ಯತೆ ಎಂದರೆ ಪ್ರಾರ್ಥನೆಯ ಹೊತ್ತಿನಲ್ಲಿ ಉಕ್ಕಿ ಬರುವ ಒಂದು ಅನುಭವ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದೇವೆ. ಅದು ಬಂದ ದಿನ ದೇವರು ಹತ್ತಿರ ಇದ್ದಾನೆ ಎನ್ನುತ್ತೇವೆ, ಬಾರದ ದಿನ ನಮ್ಮಲ್ಲಿ ಏನೋ ಕೆಟ್ಟಿದೆ ಎಂದು ಕೊರಗುತ್ತೇವೆ. ನಾನೂ ಹಾಗೆ ಕೊರಗಿದವನೇ. ಆ ಕೊರಗಿನಿಂದ ನನ್ನನ್ನು ಹೊರಗೆ ತಂದದ್ದು ಮೀನುಗಾರರ ಮಾತು.

ಹೊಸ ಒಡಂಬಡಿಕೆಯ ಮೂಲ ಗ್ರೀಕ್‌ನಲ್ಲಿ ಅನ್ಯೋನ್ಯತೆಗೆ ಇರುವ ಪದ ‘ಕೊಯಿನೋನಿಯ’. ಹೊಸ ಒಡಂಬಡಿಕೆಯಲ್ಲಿ ಅದು ಸುಮಾರು 20 ಸಲ ಬರುತ್ತದೆ. ‘ಕೊಯಿನೋಸ್’ ಎಂದರೆ ಸಾಮಾನ್ಯವಾದದ್ದು, ಎಲ್ಲರಿಗೂ ಸೇರಿದ್ದು. ಈ ಪದದ ಒಡಹುಟ್ಟು ಲೂಕನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಬರುತ್ತದೆ. ಅಲ್ಲಿ ದೇವಾಲಯವಿಲ್ಲ, ಪ್ರಾರ್ಥನೆಯ ಸಭೆಯೂ ಇಲ್ಲ. ಇರುವುದು ಒದ್ದೆ ಬಲೆಗಳು. ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದೆ ದಣಿದ ಸೀಮೋನ ಪೇತ್ರನು ಯೇಸುವಿನ ಮಾತಿನ ಮೇಲೆ ಮತ್ತೆ ಬಲೆ ಹಾಕುತ್ತಾನೆ. ಬಲೆ ಹರಿಯುವಷ್ಟು ಮೀನು ಬೀಳುತ್ತದೆ. ಆಗ ಇನ್ನೊಂದು ದೋಣಿಯವರಿಗೆ ಸನ್ನೆ ಮಾಡಿ ಕರೆಯುತ್ತಾರೆ. ಆ ದೋಣಿಯವರು ಬಂದು ಕೈ ಹಾಕುತ್ತಾರೆ. ಎರಡೂ ದೋಣಿಗಳು ಮುಳುಗುವಷ್ಟು ತುಂಬುತ್ತವೆ. ಜೆಬೆದಾಯನ ಮಕ್ಕಳಾದ ಯಾಕೋಬ, ಯೋಹಾನರನ್ನು ಲೂಕನು ಸೀಮೋನನ ‘ಕೊಯಿನೋನೋಯಿ’ ಎಂದು ಕರೆಯುತ್ತಾನೆ. ಎಂದರೆ ಪಾಲುಗಾರರು. ಕಸುಬಿನಲ್ಲಿ ಪಾಲು, ಲಾಭದಲ್ಲಿ ಪಾಲು, ಮೀನು ಸಿಗದ ರಾತ್ರಿಯಲ್ಲೂ ಪಾಲು.

ಪಾಲುಗಾರನಿಗೆ ಒಂದು ಗುಣವಿದೆ. ಇವತ್ತು ನನಗೆ ಅವನ ಮೇಲೆ ಪ್ರೀತಿ ಉಕ್ಕುತ್ತಿಲ್ಲ ಎಂಬ ಕಾರಣಕ್ಕೆ ಅವನು ಪಾಲುಗಾರನಲ್ಲ ಎಂದಾಗುವುದಿಲ್ಲ. ದೋಣಿ ಇಬ್ಬರದು. ಬಲೆ ಇಬ್ಬರದು. ಮುಂಜಾನೆ ಅವನು ಬರುತ್ತಾನೆ, ನಾನು ಹೋಗುತ್ತೇನೆ. ಮನಸ್ಸಿನ ಹವಾಮಾನ ಬದಲಾಗಬಹುದು, ಪಾಲು ಬದಲಾಗುವುದಿಲ್ಲ. ಆದಿಸಭೆಯವರು ದೇವರೊಂದಿಗಿನ ತಮ್ಮ ಬಾಳಿಗೆ ಹೆಸರು ಹುಡುಕಿದಾಗ, ಮಾರುಕಟ್ಟೆಯಲ್ಲಿ, ಮದುವೆಯಲ್ಲಿ, ಕಸುಬಿನಲ್ಲಿ ಸವೆದುಹೋಗಿದ್ದ ಈ ಪದವನ್ನು ಎತ್ತಿಕೊಂಡರು. ಆದಿಸಭೆಯ ಅಪೊಸ್ತಲನಾದ ಪೌಲನು ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಮಕೆದೋನ್ಯ ಮತ್ತು ಅಖಾಯದ ಸಭೆಗಳಿಂದ ಹಣ ಕೂಡಿಸಿದನಲ್ಲ, ಆ ಹಣಕ್ಕೂ ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ‘ಕೊಯಿನೋನಿಯ’ ಎಂದೇ ಹೆಸರಿಟ್ಟ. ಪವಿತ್ರಾತ್ಮನ ಅನ್ಯೋನ್ಯತೆ ಎಂದು ಆಶೀರ್ವಾದದಲ್ಲಿ ಹೇಳುವ ಪದ, ಹಸಿದವರಿಗೆ ಕಳಿಸಿದ ಗಂಟಿಗೂ ಅದೇ ಪದ.

ಆದರೆ ಇಲ್ಲಿ ಒಂದು ದೊಡ್ಡ ಅಡ್ಡಿ ಇದೆ. ಅದನ್ನು ಬಹಳ ಹಿಂದೆಯೇ ಎತ್ತಿದವನು ಕ್ರಿ.ಪೂ. 4ನೆಯ ಶತಮಾನದ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್. ಸ್ನೇಹದ ಬಗ್ಗೆ ಅಷ್ಟು ಆಳವಾಗಿ ಯೋಚಿಸಿದವರು ಕಡಿಮೆ. ‘ಸ್ನೇಹಿತರದ್ದೆಲ್ಲ ಸಮಾನ ಸೊತ್ತು’ ಎಂಬ ಗ್ರೀಕರ ಗಾದೆಯನ್ನು ಅವನು ಮೆಚ್ಚಿ ಹೇಳುತ್ತಾನೆ. ಆದರೆ ಇಬ್ಬರ ನಡುವಿನ ಅಂತರ ತೀರಾ ದೊಡ್ಡದಾದರೆ ಸ್ನೇಹ ನಿಲ್ಲುವುದಿಲ್ಲ ಎನ್ನುತ್ತಾನೆ, ಮತ್ತು ಅದಕ್ಕೆ ಕೊಡುವ ಉದಾಹರಣೆಯೇ ದೇವರು. ದೇವರು ಅಷ್ಟು ದೂರದವನು, ಅವನೊಂದಿಗೆ ಸ್ನೇಹ ಹೇಗೆ ಸಾಧ್ಯ? ಇದು ಉಡಾಫೆಯ ಪ್ರಶ್ನೆಯಲ್ಲ. ದೇವರ ಮಹತ್ವವನ್ನು ನಿಜವಾಗಿ ಅರಿತವನು ಕೇಳಲೇಬೇಕಾದ ಪ್ರಶ್ನೆ. ದೇವರನ್ನು ಸುಲಭವಾಗಿ ಗೆಳೆಯ ಎಂದು ಕರೆದು ಹಾಡುವ ನಮಗಿಂತ ಅರಿಸ್ಟಾಟಲನಿಗೆ ಆ ಅಂತರದ ಅರಿವು ಹೆಚ್ಚಾಗಿತ್ತೇನೋ.

13ನೆಯ ಶತಮಾನದಲ್ಲಿ ಕ್ರೈಸ್ತ ದೈವಶಾಸ್ತ್ರಜ್ಞ ತೋಮಸ್ ಅಕ್ವಿನಾಸ್ ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡೇ ಉತ್ತರ ಬರೆದ. ದೈವಪ್ರೀತಿ ಎಂಬುದು ಸ್ನೇಹವೇ ಎಂದ. ಸ್ನೇಹಕ್ಕೆ ಇಬ್ಬರಿಗೂ ಸಾಮಾನ್ಯವಾದ ಏನಾದರೂ ಬೇಕು ಎಂಬ ಅರಿಸ್ಟಾಟಲನ ಮಾತನ್ನು ಒಪ್ಪಿಕೊಂಡೇ ಹಾಗೆಂದ. ದೇವರು ತನ್ನ ಸ್ವಂತ ಆನಂದವನ್ನೇ ನಮಗೆ ಹಂಚುವುದರಿಂದ ಆ ಸಾಮಾನ್ಯವಾದದ್ದು ಹುಟ್ಟುತ್ತದೆ ಎಂಬುದು ಅವನ ವಾದ. ಆಧಾರಕ್ಕೆ ಅವನು ಹಿಡಿದದ್ದು ಪೌಲನು ಕೊರಿಂಥದವರಿಗೆ ಬರೆದ ಮಾತನ್ನು: ದೇವರು ನಂಬಿಗಸ್ತನು, ತನ್ನ ಮಗನ ಅನ್ಯೋನ್ಯತೆಗೆ ನಿಮ್ಮನ್ನು ಕರೆದವನು ಆತನೇ. ಗಮನಿಸಿ, ಅಂತರವಿಲ್ಲ ಎಂದು ತೋಮಸ್ ಹೇಳಲಿಲ್ಲ. ಅಂತರವನ್ನು ನಾವು ಏರಿ ದಾಟಬಹುದು ಎಂದೂ ಹೇಳಲಿಲ್ಲ. ಆ ಕಡೆಯಿಂದ ಕರೆ ಬಂದಿದೆ, ಆ ಕಡೆಯಿಂದ ಪಾಲು ಬಂದಿದೆ ಎಂದ. ವಾಕ್ಯವೆಂಬಾತನು ಮನುಷ್ಯನಾಗಿ ನಮ್ಮ ನಡುವೆ ವಾಸಿಸಿದನು ಎಂದು ಯೋಹಾನನ ಸುವಾರ್ತೆಯಲ್ಲಿ ಓದುತ್ತೇವೆ. ಅಲ್ಲಿನ ಗ್ರೀಕ್ ಕ್ರಿಯಾಪದದ ಮೂಲಾರ್ಥ ‘ಗುಡಾರ ಹಾಕಿಕೊಂಡನು’ ಎಂದು. ನಮ್ಮ ಪಕ್ಕದಲ್ಲೇ ಗುಡಾರ ಹೂಡಿದ ದೇವರು.

ಸತ್ಯವೇದದ ಮೊದಲ ಪುಟಗಳಿಂದಲೂ ನಡೆಯುವುದು ಇದೇ. ಆದಾಮ ಮತ್ತು ಅವನ ಹೆಂಡತಿ ಮರಗಳ ಹಿಂದೆ ಅಡಗಿಕೊಂಡಾಗ ದೇವರು ಮೊದಲು ಆಡಿದ ಮಾತು ಶಿಕ್ಷೆಯದ್ದಲ್ಲ. ‘ನೀನು ಎಲ್ಲಿದ್ದೀ?’ ಎಂಬ ಪ್ರಶ್ನೆ. ಕಳೆದುಹೋದ ಪಾಲುಗಾರನನ್ನು ಹುಡುಕುವ ದನಿ ಅದು. ಹನೋಕನು ದೇವರೊಂದಿಗೆ ನಡೆದನು ಎಂದು ಆದಿಕಾಂಡ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತದೆ, ಅವನು ಏನು ಸಾಧಿಸಿದ ಎಂದು ಹೇಳುವುದಿಲ್ಲ. ಅಬ್ರಹಾಮನಿಗೆ ದೇವರ ಸ್ನೇಹಿತನೆಂಬ ಹೆಸರು ಬಂತು. ಮೋಶೆಯ ಸಂಗಡ ದೇವರು ಸ್ನೇಹಿತನ ಸಂಗಡ ಮಾತನಾಡುವಂತೆ ಮುಖಾಮುಖಿಯಾಗಿ ಮಾತನಾಡಿದನು ಎಂದು ವಿಮೋಚನಕಾಂಡದ 33ನೆಯ ಅಧ್ಯಾಯ ಹೇಳುತ್ತದೆ. ಆದರೆ ಇವರೆಲ್ಲ ಒಬ್ಬೊಬ್ಬರೇ. ಜನಸಮೂಹಕ್ಕೆ ಇದ್ದದ್ದು ತೆರೆ. ದೇವರ ಸಾನ್ನಿಧ್ಯದ ಒಳಗಣ ಸ್ಥಳಕ್ಕೂ ಜನರಿಗೂ ನಡುವೆ ಒಂದು ತೆರೆ ತೂಗುತ್ತಿತ್ತು. ಮಹಾಯಾಜಕನೊಬ್ಬನೇ, ವರ್ಷಕ್ಕೆ ಒಂದು ದಿನ ಮಾತ್ರ, ರಕ್ತವನ್ನು ತೆಗೆದುಕೊಂಡು ಒಳಗೆ ಹೋಗುತ್ತಿದ್ದ. ಯೇಸು ಪ್ರಾಣಬಿಟ್ಟ ಗಳಿಗೆಯಲ್ಲಿ ಆ ತೆರೆ ಮೇಲಿನಿಂದ ಕೆಳಗಿನವರೆಗೆ ಹರಿದು ಎರಡಾಯಿತು ಎಂದು ಮತ್ತಾಯ ಬರೆಯುತ್ತಾನೆ. ಮೇಲಿನಿಂದ ಕೆಳಕ್ಕೆ. ಹರಿದ ಕೈ ಯಾವ ಕಡೆಯದು ಎಂಬುದು ಆ ಎರಡು ಪದಗಳಲ್ಲೇ ಇದೆ.

ಇನ್ನು ಯೇಸುವಿನ ಊಟದ ಪಂಕ್ತಿಗಳಿಗೆ ಬರುತ್ತೇನೆ. ನನ್ನನ್ನು ಬಹಳವಾಗಿ ಹಿಡಿದು ನಿಲ್ಲಿಸುವ ಭಾಗ ಇದು, ಇಲ್ಲಿ ಸ್ವಲ್ಪ ಹೊತ್ತು ಇರಲು ಬಿಡಿ. ಯೇಸುವಿನ ವಿರೋಧಿಗಳು ಅವನ ಮೇಲೆ ಹೊರಿಸಿದ ಒಂದು ಆರೋಪವನ್ನು ಲೂಕನ 15ನೆಯ ಅಧ್ಯಾಯ ದಾಖಲಿಸಿದೆ: ಇವನು ಪಾಪಿಗಳನ್ನು ಸೇರಿಸಿಕೊಂಡು ಅವರ ಜೊತೆಯಲ್ಲಿ ಊಟಮಾಡುತ್ತಾನೆ. ಉಪದೇಶ ಮಾಡಿದ್ದರೆ ಅವರು ಸಹಿಸುತ್ತಿದ್ದರು. ಪಾಪಿಗೆ ಉಪದೇಶ ಮಾಡುವವನು ಎತ್ತರದಲ್ಲಿ ನಿಂತಿರುತ್ತಾನೆ. ಜೊತೆಯಲ್ಲಿ ಉಣ್ಣುವವನು ಅದೇ ನೆಲದಲ್ಲಿ ಕೂತಿರುತ್ತಾನೆ, ಅದೇ ರೊಟ್ಟಿಗೆ ಕೈ ಹಾಕುತ್ತಾನೆ. ಜಕ್ಕಾಯನ ಕಥೆ ನೆನಪಿಸಿಕೊಳ್ಳಿ. ಸುಂಕ ವಸೂಲಿಯಲ್ಲಿ ಜನರನ್ನು ಹಿಂಡಿ ಶ್ರೀಮಂತನಾದವನು. ಯೇಸುವನ್ನು ನೋಡಲು ಹತ್ತಿ ಅವನು ಮರದ ಮೇಲೆ ಇದ್ದಾಗ ಯೇಸು ಕೇಳಿದ್ದು ಪಶ್ಚಾತ್ತಾಪವನ್ನಲ್ಲ, ಜಾಗವನ್ನು: ಇವತ್ತು ನಾನು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು. ಪಶ್ಚಾತ್ತಾಪ ಆಮೇಲೆ ಬಂತು. ಬಂದ ರೀತಿಯನ್ನೂ ನೋಡಿ. ‘ನನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಸಿದದ್ದಕ್ಕೆ ನಾಲ್ಕರಷ್ಟು’ ಎಂದ. ದೇವರ ಮಗನು ಅವನ ಮನೆಯಲ್ಲಿ ಪಾಲು ತೆಗೆದುಕೊಂಡ ಕೂಡಲೇ ಅವನ ಪೆಟ್ಟಿಗೆಯೂ ತೆರೆದುಕೊಂಡಿತು. ಕೊಯಿನೋನಿಯದ ಎರಡೂ ಅರ್ಥಗಳು, ಸಾನ್ನಿಧ್ಯವೂ ಹಂಚಿಕೆಯೂ, ಒಂದೇ ಮನೆಯಲ್ಲಿ ಒಂದೇ ದಿನ ನಡೆದುಹೋದವು.

ಕೊರಿಂಥದ ಸಭೆಯಲ್ಲಿ ಇದು ತಿರುಗುಮುರುಗಾಯಿತು. ಅಲ್ಲಿ ಕರ್ತನ ಭೋಜನಕ್ಕೆ ಕೂಡಿಬರುತ್ತಿದ್ದರು. ಆದರೆ ಉಳ್ಳವರು ಮುಂಚೆಯೇ ಉಂಡು ಕುಡಿದು ತೃಪ್ತರಾಗುತ್ತಿದ್ದರು, ಇಲ್ಲದವರು ಹಸಿದುಕೊಂಡೇ ಇರುತ್ತಿದ್ದರು. ಪೌಲನ ತೀರ್ಪು ಬಹಳ ಕಠಿಣ: ನೀವು ಉಣ್ಣುವುದು ಕರ್ತನ ಭೋಜನವೇ ಅಲ್ಲ. ಅದೇ ಪತ್ರಿಕೆಯಲ್ಲಿ ಒಂದು ಅಧ್ಯಾಯದ ಹಿಂದೆ ಅವನೇ, ನಾವು ಆಶೀರ್ವದಿಸುವ ಪಾತ್ರೆ ಕ್ರಿಸ್ತನ ರಕ್ತದಲ್ಲಿ ಪಾಲು, ಮುರಿಯುವ ರೊಟ್ಟಿ ಕ್ರಿಸ್ತನ ದೇಹದಲ್ಲಿ ಪಾಲು ಎಂದು ಬರೆದಿದ್ದ. ರೊಟ್ಟಿ ಅದೇ, ಪಾತ್ರೆ ಅದೇ, ಹೇಳಿದ ಮಾತುಗಳೂ ಅವೇ ಇದ್ದಿರಬೇಕು. ಪಕ್ಕದವನ ಹಸಿವು ಕಣ್ಣಿಗೆ ಬೀಳದ ಕಡೆ ಅದು ಕರ್ತನ ಪಂಕ್ತಿಯಾಗಿ ಉಳಿಯಲಿಲ್ಲ. ಈ ಅಧ್ಯಾಯವನ್ನು ಪ್ರಭುಭೋಜನದ ದಿನ ಓದುವಾಗ ನನಗೆ ಪ್ರತಿಸಲವೂ ಭಯವಾಗುತ್ತದೆ. ಆಗಬೇಕು ಕೂಡ.

ಈಗ ಯೋಹಾನನ ಪತ್ರಿಕೆಗೆ ಹಿಂದಿರುಗೋಣ. ಅಲ್ಲಿ ಒಂದು ವಾಕ್ಯವನ್ನು ನಾನು ಬಹುಕಾಲ ತಪ್ಪಾಗಿ ಓದಿಕೊಂಡಿದ್ದೆ. ಮೊದಲ ಅಧ್ಯಾಯದ 6ನೆಯ ವಚನ, ದೇವರ ಸಂಗಡ ಅನ್ಯೋನ್ಯತೆಯುಂಟೆಂದು ಹೇಳಿ ಕತ್ತಲೆಯಲ್ಲಿ ನಡೆದರೆ ಸುಳ್ಳಾಡುವವರಾಗಿದ್ದೇವೆ ಎನ್ನುತ್ತದೆ. ಹಾಗಾದರೆ 7ನೆಯ ವಚನ ಏನು ಹೇಳಬೇಕು? ಬೆಳಕಿನಲ್ಲಿ ನಡೆದರೆ ದೇವರ ಸಂಗಡ ಅನ್ಯೋನ್ಯತೆ ಇದೆ ಎನ್ನಬೇಕು. ನನ್ನ ತಲೆ ಹಾಗೆಂದೇ ತುಂಬಿಸಿಕೊಂಡು ಓದುತ್ತಿತ್ತು. ಆದರೆ ಯೋಹಾನ ಬರೆದದ್ದು ಬೇರೆ: ಬೆಳಕಿನಲ್ಲಿ ನಡೆದರೆ ನಾವು ಒಬ್ಬರ ಸಂಗಡಲೊಬ್ಬರು ಅನ್ಯೋನ್ಯತೆಯಲ್ಲಿದ್ದೇವೆ. ದೇವರು ಎಂದು ಬರಬೇಕಾದ ಕಡೆ ಪಕ್ಕದವನು ಬಂದು ಕೂತಿದ್ದಾನೆ. ಅದು ಕೈತಪ್ಪಲ್ಲ. ಇದೇ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ, ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರನು ಎಂದು ಅವನೇ ಬಿಡಿಸಿ ಹೇಳುತ್ತಾನೆ. ನನಗೂ ದೇವರಿಗೂ ಎಲ್ಲ ಸರಿಯಿದೆ, ಈ ಜನರೊಂದಿಗೆ ಮಾತ್ರ ಆಗುವುದಿಲ್ಲ ಎಂದು ನಾನು ಹೇಳುತ್ತಿದ್ದ ದಿನಗಳಿದ್ದವು. ಆ ಮಾತಿಗೆ ಈ ಪತ್ರಿಕೆಯಲ್ಲಿ ಜಾಗವೇ ಇಲ್ಲ.

ಬೆಳಕಿನಲ್ಲಿ ನಡೆಯುವುದು ಎಂದರೆ ಪಾಪವಿಲ್ಲದೆ ನಡೆಯುವುದೇ? ಅಲ್ಲವೇ ಅಲ್ಲ. ಮುಂದಿನ ವಚನವೇ, ನಮ್ಮಲ್ಲಿ ಪಾಪವಿಲ್ಲವೆಂದು ಹೇಳಿದರೆ ನಮ್ಮನ್ನು ನಾವೇ ಮೋಸಗೊಳಿಸಿಕೊಳ್ಳುತ್ತೇವೆ ಎನ್ನುತ್ತದೆ. ಪಾಪ ಮಾಡಿದ್ದು ಒಂದು, ಅಡಗಿಕೊಂಡದ್ದು ಇನ್ನೊಂದು. ಆದಾಮನು ಹಣ್ಣು ತಿಂದ ಮೇಲೆ ಮರಗಳ ಹಿಂದೆ ಹೋದ. ಬೆಳಕಿನಲ್ಲಿ ನಡೆಯುವುದೆಂದರೆ ಆ ಮರಗಳ ಹಿಂದಿನಿಂದ ಹೊರಗೆ ಬಂದು ಇದ್ದ ಹಾಗೆ ನಿಲ್ಲುವುದು. ಪಾಪದ ಅರಿಕೆ ಎಂದು ನಾವು ಕರೆಯುವುದು ಅದನ್ನೇ. ಪಾಲುಗಾರಿಕೆ ಮುರಿಯುವುದು ನಷ್ಟದಿಂದಲ್ಲ, ಸುಳ್ಳು ಲೆಕ್ಕದಿಂದ. ನಷ್ಟವಾಯಿತು ಎಂದು ಬಂದು ಹೇಳುವ ಪಾಲುಗಾರನೊಂದಿಗೆ ದೋಣಿ ಮತ್ತೆ ನೀರಿಗಿಳಿಯುತ್ತದೆ. ನಮ್ಮ ಪಾಪಗಳನ್ನು ಒಪ್ಪಿಕೊಂಡರೆ ಆತನು ನಂಬಿಗಸ್ತನೂ ನೀತಿವಂತನೂ ಆಗಿರುವುದರಿಂದ ಕ್ಷಮಿಸುತ್ತಾನೆ ಎಂಬ ಮಾತಿನಲ್ಲಿ ‘ನಂಬಿಗಸ್ತ’ ಎಂಬ ಪದ ನನಗೆ ದೊಡ್ಡ ಆಸರೆ. ಕ್ಷಮೆ ಆತನ ಆ ದಿನದ ಮನಸ್ಸನ್ನು ಅವಲಂಬಿಸಿಲ್ಲ. ಕೊಟ್ಟ ಮಾತಿಗೆ ಆತನು ನಿಲ್ಲುತ್ತಾನೆ.

ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ, ದ್ರಾಕ್ಷೆಯ ಬಳ್ಳಿಯ ಮಾತಿನಲ್ಲಿ, 4ರಿಂದ 10ನೆಯ ವಚನದವರೆಗೆ ‘ನೆಲೆಗೊಂಡಿರು’ ಎಂಬ ಕ್ರಿಯಾಪದ ಮೂಲದಲ್ಲಿ ಹತ್ತು ಸಲ ಬರುತ್ತದೆ. ಏಳು ವಚನ, ಹತ್ತು ಸಲ. ‘ಏರಿರಿ’ ಎಂದಿಲ್ಲ, ‘ತಲುಪಿರಿ’ ಎಂದಿಲ್ಲ. ಇರಿ. ಇದ್ದಲ್ಲಿ ಇರಿ. ಕೊಂಬೆಗೆ ಬಳ್ಳಿಯ ರಸ ಹರಿದು ಬರುವುದು ಕೊಂಬೆಯ ಅನುಭವಕ್ಕೆ ಬರಬೇಕೆಂದೇನೂ ಇಲ್ಲ. ಹಣ್ಣು ಬಿಡುವ ಕಾಲಕ್ಕೆ ಬಿಡುತ್ತದೆ. ಅದರ ಬೆನ್ನಲ್ಲೇ ಯೇಸು ಶಿಷ್ಯರನ್ನು ಸ್ನೇಹಿತರೆಂದು ಕರೆಯುತ್ತಾನೆ. ದಾಸನಿಗೆ ಯಜಮಾನನು ಮಾಡುವುದು ತಿಳಿಯದು, ನಾನಾದರೋ ತಂದೆಯಿಂದ ಕೇಳಿದ್ದನ್ನೆಲ್ಲ ನಿಮಗೆ ತಿಳಿಸಿದ್ದೇನೆ ಎಂಬುದು ಅವನು ಕೊಡುವ ಕಾರಣ. ಅರಿಸ್ಟಾಟಲ್ ಹೇಳಿದ ಆ ಅಂತರದಾಚೆಯ ಮನೆಯ ಮಾತು ಈಗ ಈಚೆಯವರಿಗೂ ಗೊತ್ತಾಗಿದೆ.

ಬತ್ತಿದ ದಿನಗಳ ಬಗ್ಗೆ ಹೇಳದೆ ಈ ಮಾತನ್ನು ಮುಗಿಸಲಾರೆ. ನನ್ನ ತಂದೆಗೆ ಪಾರ್ಶ್ವವಾಯುವಾಗಿ ಕೊನೆಯ ಎಂಟು ತಿಂಗಳು ಮಾತು ಹೋಗಿತ್ತು. ಪ್ರತಿ ಸಂಜೆ ಅವರ ಬಳಿ ಕೂರುತ್ತಿದ್ದೆ. ಮೊದಮೊದಲು ಆ ಮೌನವನ್ನು ತಡೆಯಲಾಗದೆ ನಾನೇ ಏನೇನೋ ಮಾತನಾಡುತ್ತಿದ್ದೆ. ಕೀರ್ತನೆ ಓದುತ್ತಿದ್ದೆ, ಸುದ್ದಿ ಹೇಳುತ್ತಿದ್ದೆ, ಉತ್ತರ ಬಾರದಾಗ ಒಳಗೊಳಗೆ ಸಿಟ್ಟಾಗುತ್ತಿದ್ದೆ. ಕೆಲವು ವಾರಗಳ ಮೇಲೆ ಮಾತು ನಿಂತುಹೋಯಿತು, ಸುಮ್ಮನೆ ಕೂರಲು ಕಲಿತೆ. ಒಂದು ಸಂಜೆ ಅಮ್ಮ ಅವರ ಮುಂದೆ ಕಿತ್ತಳೆ ಹಣ್ಣನ್ನು ಬಿಡಿಸಿ ಇಟ್ಟು ಹೋದರು. ಅಪ್ಪ ತಮ್ಮ ಸರಿಯಿದ್ದ ಕೈಯಿಂದ ಒಂದು ತೊಳೆಯನ್ನು ಹಿಡಿದು, ಅದು ಎರಡು ಸಲ ಬಿದ್ದರೂ ಮತ್ತೆ ಹಿಡಿದು, ನನ್ನ ಅಂಗೈಯಲ್ಲಿ ಇಟ್ಟರು. ಎಂಟು ತಿಂಗಳಲ್ಲಿ ಅವರು ನನಗೆ ಹೇಳಿದ್ದು ಅಷ್ಟೇ. ಅದಕ್ಕಿಂತ ಹೆಚ್ಚು ಆಪ್ತವಾಗಿ ಅವರು ನನ್ನೊಂದಿಗೆ ಎಂದೂ ಮಾತನಾಡಿರಲಿಲ್ಲ. ಅದೇ ಕಾಲದಲ್ಲಿ ನನ್ನ ಪ್ರಾರ್ಥನೆಗಳೂ ಒಣಗಿದ್ದವು. ದೇವರ ಮೌನವನ್ನು ಗೈರುಹಾಜರಿ ಎಂದು ಓದುತ್ತಿದ್ದವನು ನಾನು. ಆ ರಾತ್ರಿ ಮನೆಗೆ ನಡೆದುಹೋಗುವಾಗ ಹಾಗೆ ಓದುವುದನ್ನು ಬಿಟ್ಟೆ.

17ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಒಂದು ಕಾರ್ಮೆಲ್ ಮಠದಲ್ಲಿ ಲಾರೆನ್ಸ್ ಎಂಬ ಸಹೋದರನಿದ್ದ. 1691ರಲ್ಲಿ ತೀರಿಕೊಂಡ. ಬಹಳ ವರ್ಷ ಮಠದ ಅಡಿಗೆಮನೆಯಲ್ಲಿ ದುಡಿದ. ಆ ಕೆಲಸ ಅವನಿಗೆ ಸ್ವಭಾವತಃ ಇಷ್ಟವಿರಲಿಲ್ಲ. ಪಾತ್ರೆಗಳ ಸದ್ದಿನ ನಡುವೆಯೂ ಮೊಣಕಾಲೂರಿದಾಗ ಸಿಗುವಷ್ಟೇ ಶಾಂತಿಯಲ್ಲಿ ದೇವರ ಸಂಗಡ ಇರುತ್ತೇನೆ ಎಂದು ಅವನು ಹೇಳಿದ ಮಾತು ಪ್ರಸಿದ್ಧವಾಯಿತು, ಉಪದೇಶಗಳಲ್ಲಿ ನಾವು ಅದನ್ನು ಮತ್ತೆ ಮತ್ತೆ ಕೇಳುತ್ತೇವೆ. ಆದರೆ ಮೊದಲ ಹತ್ತು ವರ್ಷ ಬಹಳ ಸಂಕಟಪಟ್ಟೆ ಎಂದೂ ಅವನೇ ಪತ್ರದಲ್ಲಿ ಬರೆದಿದ್ದಾನೆ. ಆ ಹತ್ತು ವರ್ಷಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ಹೇಳುವ ಉಪದೇಶ ಕೇಳುಗರಿಗೆ ಅನ್ಯಾಯ ಮಾಡುತ್ತದೆ. ಕೀರ್ತನೆಗಳ ಪುಸ್ತಕದಲ್ಲೇ 88ನೆಯ ಕೀರ್ತನೆ ಕತ್ತಲೆ ಎಂಬ ಮಾತಿನಿಂದ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ. ಆದರೂ ಅದು ಪ್ರಾರ್ಥನೆಯೇ. ಕತ್ತಲೆಯ ದೂರನ್ನು ಕವಿ ಹೇಳಿಕೊಂಡದ್ದು ದೇವರಿಗೇ.

ಪೌಲನು ಫಿಲಿಪ್ಪಿಯವರಿಗೆ ಬರೆಯುತ್ತಾ, ಕ್ರಿಸ್ತನ ಪುನರುತ್ಥಾನದ ಶಕ್ತಿಯನ್ನೂ ಆತನ ಬಾಧೆಗಳಲ್ಲಿ ಪಾಲುಗಾರನಾಗುವುದನ್ನೂ ಅರಿಯಬೇಕು ಎನ್ನುತ್ತಾನೆ. ಅಲ್ಲಿಯೂ ಅದೇ ಪದ, ಕೊಯಿನೋನಿಯ. ಪುನರುತ್ಥಾನದ ಪಾಲನ್ನು ಎಲ್ಲರೂ ಬೇಡುತ್ತೇವೆ. ತಾನು ಬಂಧನಕ್ಕೊಳಗಾಗುವ ರಾತ್ರಿ ಗೆತ್ಸೇಮನೆ ಎಂಬ ತೋಟದಲ್ಲಿ ಯೇಸು ಮೂವರು ಸ್ನೇಹಿತರನ್ನು ಹತ್ತಿರ ಕರೆದುಕೊಂಡು, ನನ್ನ ಸಂಗಡ ಎಚ್ಚರವಾಗಿರಿ ಎಂದು ಕೇಳಿಕೊಂಡನು. ಅವರು ನಿದ್ದೆಹೋದರು. ದೇವರ ಮಗನು ಮನುಷ್ಯರ ಜೊತೆಯನ್ನು ಬೇಡಿ, ಅದು ಸಿಗದೇ ಹೋದ ರಾತ್ರಿ ಅದು. ಜರ್ಮನಿಯ ದೈವಶಾಸ್ತ್ರಜ್ಞ ಡೀಟ್ರಿಕ್ ಬಾನ್‌ಹಾಫರ್ 1943ರ ಏಪ್ರಿಲ್‌ನಲ್ಲಿ ನಾಜಿ ಆಡಳಿತದ ಬಂಧನಕ್ಕೊಳಗಾದ. ಅವನು ಸೆರೆಮನೆಯಲ್ಲಿದ್ದುಕೊಂಡು ಯೋಚಿಸಿದ ಮುಖ್ಯ ಸಂಗತಿಗಳಲ್ಲಿ ಇದೂ ಒಂದು: ಕಷ್ಟದಲ್ಲಿ ದೇವರ ಬಳಿಗೆ ಎಲ್ಲರೂ ಹೋಗುತ್ತಾರೆ, ಆದರೆ ದೇವರ ಸಂಕಟದಲ್ಲಿ ಆತನ ಪಕ್ಕದಲ್ಲಿ ನಿಲ್ಲುವುದು ಕ್ರೈಸ್ತನ ಕೆಲಸ. 1945ರ ಏಪ್ರಿಲ್ 9ರಂದು ಫ್ಲಾಸನ್‌ಬುರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ಮಾತಿಗೆ ನಾನು ಸೇರಿಸುವಂಥದ್ದು ಏನೂ ಇಲ್ಲ.

ಉಪನ್ಯಾಸ ಇಲ್ಲಿಗೆ ಮುಗಿದಿತ್ತು. ಆಮೇಲೆ ಯುವಕರೊಬ್ಬರು ಎದ್ದು ಕೇಳಿದರು: ‘ಸರ್, ಸಭೆಗೆ ಹೋದರೆ ಜಗಳ, ಗುಂಪುಗಾರಿಕೆ. ಮನೆಯಲ್ಲಿ ಮೊಬೈಲ್‌ನಲ್ಲಿ ಒಳ್ಳೆಯ ಸಂದೇಶ ಕೇಳುತ್ತೇನೆ, ಒಬ್ಬನೇ ಪ್ರಾರ್ಥಿಸುತ್ತೇನೆ. ಅನ್ಯೋನ್ಯತೆಗೆ ಇಷ್ಟು ಸಾಲದೇ?’

ಆ ಪ್ರಶ್ನೆಯಲ್ಲಿ ನೋವಿತ್ತು, ಸೋಮಾರಿತನವಿರಲಿಲ್ಲ. ಒಬ್ಬನೇ ದೇವರ ಮುಂದೆ ನಿಲ್ಲುವುದು ಬೇಡ ಎಂದು ನಾನು ಹೇಳಲಿಲ್ಲ. ಯೇಸುವೇ ಬೆಟ್ಟಕ್ಕೆ ಒಬ್ಬಂಟಿಯಾಗಿ ಹೋಗುತ್ತಿದ್ದನು. ಬಾನ್‌ಹಾಫರ್ 1935ರಿಂದ 1937ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಮುಚ್ಚಿಸುವವರೆಗೂ ಸಭಾಪಾಲಕರನ್ನು ತರಬೇತುಗೊಳಿಸುವ ಒಂದು ಶಾಲೆಯನ್ನು ನಡೆಸಿದ್ದ. ಆ ಸಹಬಾಳ್ವೆಯಿಂದ ಅವನು ಕಲಿತದ್ದು ಎರಡು ಮಗ್ಗುಲಿನ ಎಚ್ಚರಿಕೆ: ಒಂಟಿಯಾಗಿ ಇರಲಾರದವನು ಸಂಘಜೀವನದ ಬಗ್ಗೆ ಎಚ್ಚರವಾಗಿರಲಿ, ಸಂಘದಲ್ಲಿ ಇರಲಾರದವನು ಒಂಟಿತನದ ಬಗ್ಗೆ ಎಚ್ಚರವಾಗಿರಲಿ. ಆ ಯುವಕರಿಗೆ ನಾನು ಹೇಳಿದ್ದು ಇಷ್ಟು. ಮೊಬೈಲ್‌ನಲ್ಲಿ ಕೇಳುವ ಬೋಧಕರು ನಿಮ್ಮಿಂದ ಏನನ್ನೂ ಕೇಳುವುದಿಲ್ಲ. ನಿಮ್ಮ ತಪ್ಪು ಅವರಿಗೆ ಗೊತ್ತಿಲ್ಲ, ಅವರ ಹಸಿವು ನಿಮಗೆ ಗೊತ್ತಿಲ್ಲ. ಅಲ್ಲಿ ಸಂದೇಶವಿದೆ, ಪಾಲು ಇಲ್ಲ. ಜಗಳವಾಡುವ ಆ ಸಭೆಯಲ್ಲಿ ಯಾರೋ ಒಬ್ಬರಾದರೂ ತಮ್ಮ ದೋಣಿಯಿಂದ ಸನ್ನೆ ಮಾಡುತ್ತಿರಬಹುದು, ಮೊದಲು ಅವರೊಬ್ಬರನ್ನು ಹುಡುಕಿಕೊಳ್ಳಿ. ‘ಇಗೋ, ಬಾಗಿಲಲ್ಲಿ ನಿಂತು ತಟ್ಟುತ್ತಾ ಇದ್ದೇನೆ’ ಎಂದು ಯೇಸು ಹೇಳಿದ್ದು ಅವಿಶ್ವಾಸಿಯ ಮನೆಗಲ್ಲ, ಬಿಸಿಯೂ ಅಲ್ಲದೆ ತಣ್ಣಗೂ ಅಲ್ಲದೆ ಉಗುರುಬೆಚ್ಚಗಿದೆ ಎಂದು ಆತನೇ ಗದರಿಸಿದ ಲವೊದಿಕೀಯದ ಸಭೆಗೆ. ಅಷ್ಟು ಕೆಟ್ಟ ಸಭೆಯ ಬಾಗಿಲನ್ನೂ ಆತನು ಬಿಟ್ಟು ಹೋಗಿರಲಿಲ್ಲ, ಒಳಗೆ ಬಂದು ಊಟಮಾಡುವೆನು ಎಂದನು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ವೃದ್ಧೆ ಮೆಲ್ಲಗೆ ಕೇಳಿದರು: ‘ಮಗನೇ, ಮಂಡಿಯೂರಿದರೆ ಈಗ ಒಂದು ಮಾತೂ ಬರುವುದಿಲ್ಲ. ದೇವರಿಗೆ ಕೊಡುವುದಕ್ಕೆ ನನ್ನ ಹತ್ತಿರ ಏನೂ ಉಳಿದಿಲ್ಲ. ನನ್ನ ಪಾಲು ಮುಗಿದುಹೋಯಿತೇ?’

ಮೊದಲು ಅವರಿಗೆ ರೋಮಾಪುರದವರ ಪತ್ರಿಕೆಯ 8ನೆಯ ಅಧ್ಯಾಯವನ್ನು ನೆನಪಿಸಿದೆ. ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದಿರುವಾಗ ಪವಿತ್ರಾತ್ಮನು ಮಾತಿಲ್ಲದ ನರಳಾಟದಿಂದ ನಮಗೋಸ್ಕರ ಬೇಡಿಕೊಳ್ಳುತ್ತಾನೆ ಎಂದು ಅಲ್ಲಿದೆ. ಆಮೇಲೆ ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯವನ್ನು ತೆಗೆದೆವು. ಮತ್ತೆ ಅದೇ ಸರೋವರ, ಅದೇ ಹಳೆಯ ಪಾಲುಗಾರರು. ಸೀಮೋನ ಪೇತ್ರನಿದ್ದಾನೆ, ಜೆಬೆದಾಯನ ಮಕ್ಕಳೂ ಇದ್ದಾರೆ. ಮತ್ತೆ ರಾತ್ರಿಯೆಲ್ಲ ದುಡಿದರೂ ಬಲೆ ಬರಿದು. ಬೆಳಗಾಗುವಾಗ ದಡದಲ್ಲಿ ನಿಂತ ಯೇಸು, ಮಕ್ಕಳಿರಾ, ಊಟಕ್ಕೆ ಏನಾದರೂ ಇದೆಯೇ ಎಂದು ಕೇಳುತ್ತಾನೆ. ಅವರು ‘ಇಲ್ಲ’ ಎನ್ನುತ್ತಾರೆ. ಅಮ್ಮಾ, ಪುನರುತ್ಥಾನನಾದ ಕರ್ತನಿಗೆ ಆ ಬೆಳಗ್ಗೆ ಶಿಷ್ಯರು ಕೊಟ್ಟ ಮೊದಲ ಉತ್ತರ ಅದೊಂದೇ ಪದ. ಆತನು ಅದನ್ನೇ ತೆಗೆದುಕೊಂಡನು.

ಬಲೆಯನ್ನು ಬಲಗಡೆಗೆ ಹಾಕಿದರು, 153 ದೊಡ್ಡ ಮೀನುಗಳು ಬಂದವು. ದಡಕ್ಕೆ ಬಂದಾಗ ಇದ್ದಲಿನ ಬೆಂಕಿ ಕಂಡಿತು. ಇದ್ದಲಿನ ಬೆಂಕಿ ಎಂಬ ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಇದೆ. ಮಹಾಯಾಜಕನ ಅಂಗಳದಲ್ಲಿ, ಪೇತ್ರನು ಚಳಿ ಕಾಯಿಸಿಕೊಳ್ಳುತ್ತಾ ಅವನನ್ನು ನಾನರಿಯೆ ಎಂದು ಮೂರು ಸಲ ಹೇಳಿದ ಬೆಂಕಿ ಅದು. ಈ ಬೆಂಕಿಯ ಮೇಲೆ ಆಗಲೇ ಮೀನು ಇತ್ತು, ಜೊತೆಗೆ ರೊಟ್ಟಿಯೂ ಇತ್ತು. ಊಟ ಸಿದ್ಧವಾಗಿತ್ತು, ಯಾರೂ ಏನೂ ತರಬೇಕಾಗಿರಲಿಲ್ಲ. ಆದರೂ ಯೇಸು ಅವರಿಗೆ, ನೀವು ಈಗ ಹಿಡಿದ ಮೀನುಗಳಲ್ಲಿ ಕೆಲವನ್ನು ತನ್ನಿರಿ ಎಂದನು. ಪೇತ್ರನು ದೋಣಿ ಹತ್ತಿ ಬಲೆಯನ್ನು ದಡಕ್ಕೆ ಎಳೆದು ತಂದ. ಆಗ ಆತನು, ಬಂದು ಊಟಮಾಡಿರಿ ಎಂದನು.